ಮುನ್ನೂರು ಕೋಟಿ ಬಹುಮಾನದ ವಿಡಿಯೋ ಗೇಮ್: ನಿಜಾನಾ, ಬುರುಡೆನಾ?

ಪ್ರಶ್ನೆ: ನಮ್ಮದು ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ಮಗ ಸೆಕೆಂಡ್ ಪಿಯುಸಿ. ಯಾವಾಗ ನೋಡಿದರೂ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಗೇಮ್. ಬೈದರೆ, 'ಅಪ್ಪಾಜಿ, ಒಂದೇ ಟೂರ್ನಮೆಂಟಿಗೆ ಮುನ್ನೂರು ಕೋಟಿ ಬಹುಮಾನ ಕೊಟ್ಟಿದಾರೆ, ನಿಮಗೇನು ಗೊತ್ತು?' ಅಂತಾನೆ. ಇದು ನಿಜಾನಾ? ಯಾವ ಆಟಕ್ಕೆ ಎಲ್ಲಕ್ಕಿಂತ ಜಾಸ್ತಿ ಬಹುಮಾನ ಇರೋದು? ಅಷ್ಟು ದುಡ್ಡು ಯಾರು ಕೊಡ್ತಾರೆ?

ಉತ್ತರ: ಮಗ ಬುರುಡೆ ಬಿಟ್ಟಿಲ್ಲ. ಲೆಕ್ಕ ಸರಿಯಾಗೇ ಇದೆ. ಆದರೆ ಒಂದು ಮಾತು ಮಾತ್ರ ನಿಮ್ಮ ಹತ್ತಿರ ಹೇಳಿಲ್ಲ. ಆ ಮುನ್ನೂರು ಕೋಟಿ ಅವನು ಆಡುವ ಆಟದ್ದಲ್ಲ.

ಅದು ಡೋಟಾ 2 ಅನ್ನುವ ಆಟದ್ದು. ಮೊಬೈಲ್‌ನಲ್ಲಿ ಆಡುವಂಥದ್ದಲ್ಲ, ಕಂಪ್ಯೂಟರ್ ಬೇಕು. ಐದೈದು ಜನರ ಎರಡು ತಂಡ. ಎದುರಾಳಿಯ ನೆಲೆಯೊಳಗೆ ನುಗ್ಗಿ ಅಲ್ಲಿರುವ ಮುಖ್ಯ ಕಟ್ಟಡ ಒಡೆದವರು ಗೆದ್ದ ಹಾಗೆ. ಒಂದು ಪಂದ್ಯ ಮುಗಿಯೋಕೆ ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಿತು. ಈ ಆಟದ ವರ್ಷದ ದೊಡ್ಡ ಟೂರ್ನಮೆಂಟಿನ ಹೆಸರು ದಿ ಇಂಟರ್‌ನ್ಯಾಷನಲ್. 2021ರ ಅಕ್ಟೋಬರ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ನಡೆದಾಗ ಒಟ್ಟು ಬಹುಮಾನ 4 ಕೋಟಿ ಡಾಲರ್ ದಾಟಿತ್ತು. ಆಗಿನ ದರದಲ್ಲಿ ಸುಮಾರು 300 ಕೋಟಿ ರೂಪಾಯಿ. ಒಂದು ಆಟದ ಒಂದೇ ಟೂರ್ನಮೆಂಟಿಗೆ ಇಷ್ಟು ದುಡ್ಡು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

ಗೆದ್ದವರು ಟೀಮ್ ಸ್ಪಿರಿಟ್. ಪೂರ್ವ ಯುರೋಪಿನ ಅರ್ಹತಾ ಸುತ್ತಿನಿಂದ ಬಂದ ಹುಡುಗರು. ಇವರು ಗೆಲ್ಲುತ್ತಾರೆ ಅಂತ ಹೆಚ್ಚಿನವರು ಅಂದುಕೊಂಡೇ ಇರಲಿಲ್ಲ. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತರು. ಇನ್ನೊಂದು ಸೋತರೆ ಮನೆಗೆ ಅನ್ನುವ ಸ್ಥಿತಿಯಿಂದ ಒಂದೊಂದೇ ಪಂದ್ಯ ಗೆಲ್ಲುತ್ತಾ ಬಂದು, ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ತಂಡವನ್ನು 3-2ರಿಂದ ಹೊಡೆದರು. ಕೈಗೆ ಬಂದದ್ದು 1.82 ಕೋಟಿ ಡಾಲರ್, ಅಂದರೆ ನೂರಮೂವತ್ತು ಕೋಟಿ ರೂಪಾಯಿಗೂ ಮೇಲೆ. ಎರಡನೇ ಸ್ಥಾನಕ್ಕೆ ಸುಮಾರು 52 ಲಕ್ಷ ಡಾಲರ್. ಒಂದು ಪಂದ್ಯದ ಸೋಲು ಗೆಲುವಿನ ನಡುವೆ 1.3 ಕೋಟಿ ಡಾಲರ್ ವ್ಯತ್ಯಾಸ! ನಿಮ್ಮ ಮಗ ಈ ಸಾಲನ್ನು ಓದಿ ಕುಣಿದಾಡಬಹುದು. ಸ್ವಲ್ಪ ತಡಿಯಪ್ಪಾ, ಮುಂದೆ ಇದೆ.

ಈಗ ನಿಮ್ಮ ಕೊನೇ ಪ್ರಶ್ನೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಇದು. ಅಷ್ಟು ದುಡ್ಡು ಯಾರು ಕೊಟ್ಟರು?

ಜನ ಕೊಟ್ಟರು. ಆ ಆಟ ಆಡುವವರು, ನೋಡುವವರು. 2011ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಮೊದಲ ಸಲ ಈ ಟೂರ್ನಮೆಂಟ್ ನಡೆದಾಗ ಬಹುಮಾನ ಕೊಟ್ಟದ್ದು ಆಟ ಮಾಡಿದ ವಾಲ್ವ್ ಕಂಪನಿ. ಒಟ್ಟು 16 ಲಕ್ಷ ಡಾಲರ್. ಗೆದ್ದ ಉಕ್ರೇನಿನ ನಾವಿ ತಂಡಕ್ಕೆ 10 ಲಕ್ಷ ಡಾಲರ್. ಆ ಕಾಲಕ್ಕೆ ಅದೇ ದೊಡ್ಡ ಸುದ್ದಿ. 2013ರಲ್ಲಿ ಕಂಪನಿ ಒಂದು ಉಪಾಯ ಮಾಡಿತು. ಆಟದೊಳಗೆ ಒಂದು ಡಿಜಿಟಲ್ ಪುಸ್ತಕ ಮಾರೋದು (ಕೊಂಡವರಿಗೆ ಆಟದಲ್ಲಿ ಅಲಂಕಾರದ ವಸ್ತುಗಳು ಸಿಗುತ್ತವೆ), ಬಂದ ದುಡ್ಡಿನಲ್ಲಿ ಶೇಕಡ 25 ಬಹುಮಾನಕ್ಕೆ ಸೇರಿಸೋದು. ಮುಂದೆ ಇದೇ ಬ್ಯಾಟಲ್ ಪಾಸ್ ಆಯಿತು.

ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡ್ತಾರಲ್ಲ, ಫ್ಲೆಕ್ಸ್ ಮೇಲೆ 'ಪ್ರಥಮ ಬಹುಮಾನದ ದಾನಿಗಳು' ಅಂತ ಯಾರದೋ ಫೋಟೋ ಇರುತ್ತೆ. ಅದರ ಬದಲು, ಆಟ ನೋಡೋಕೆ ಬಂದವರು ಮಂಡಕ್ಕಿ ಮಿರ್ಚಿಗೆ ಕೊಡುವ ಪ್ರತಿ ನೂರು ರೂಪಾಯಿಯಲ್ಲಿ 25 ರೂಪಾಯಿ ನೇರವಾಗಿ ಬಹುಮಾನದ ಡಬ್ಬಿಗೆ ಬೀಳುತ್ತೆ ಅಂತಿಟ್ಟುಕೊಳ್ಳಿ. ಜನ ಜಾಸ್ತಿ ತಿಂದಷ್ಟೂ ಬಹುಮಾನ ಜಾಸ್ತಿ. ಡೋಟಾದಲ್ಲಿ ಆದದ್ದು ಇದೇ. ಡಬ್ಬಿಯಲ್ಲಿ ಎಷ್ಟಾಯಿತು ಅಂತ ಎಲ್ಲರಿಗೂ ಕಾಣುತ್ತಿತ್ತು. 2014ಕ್ಕೆ 1.09 ಕೋಟಿ ಡಾಲರ್, 2015ಕ್ಕೆ 1.84 ಕೋಟಿ, 2019ಕ್ಕೆ 3.43 ಕೋಟಿ. ಪ್ರತಿ ವರ್ಷ ಹಿಂದಿನ ವರ್ಷದ ದಾಖಲೆ ಮುರಿಯೋದೇ ಅಭಿಮಾನಿಗಳಿಗೆ ಒಂದು ಹಠ ಆಗಿಬಿಟ್ಟಿತ್ತು.

ಅಂಗಡಿ ಲೆಕ್ಕ ಬರೆಯುವ ನಿಮಗೆ ಮುಂದಿನದು ತಕ್ಷಣ ಹೊಳೆಯುತ್ತದೆ. 4 ಕೋಟಿ ಡಾಲರ್‌ನಲ್ಲಿ ಕಂಪನಿ ಹಾಕಿದ್ದು 16 ಲಕ್ಷ. ಉಳಿದ 3.84 ಕೋಟಿ ಜನ ಕೊಟ್ಟದ್ದರಲ್ಲಿ ಕಾಲು ಭಾಗ. ಹಾಗಾದರೆ ಜನರಿಂದ ಬಂದದ್ದು ಒಟ್ಟು 15 ಕೋಟಿ ಡಾಲರ್‌ಗೂ ಮೇಲೆ. ಮುಕ್ಕಾಲು ಭಾಗ ಕಂಪನಿಗೇ ಉಳಿಯಿತು. ಕಂಪನಿ ಕಳಕೊಂಡದ್ದೇನೂ ಇಲ್ಲ ಅಲ್ವಾ?

ಆಮೇಲೆ ಏನಾಯಿತು ಅನ್ನೋದನ್ನು ಹುಡುಗರು ಜಾಸ್ತಿ ಹೇಳೋದಿಲ್ಲ. 2022ರಲ್ಲಿ ಬಹುಮಾನ 1.89 ಕೋಟಿ ಡಾಲರ್‌ಗೆ ಇಳಿಯಿತು. 2023ರಲ್ಲಿ ವಾಲ್ವ್ ಆ ಬ್ಯಾಟಲ್ ಪಾಸ್ ಪದ್ಧತಿಯನ್ನೇ ಬಿಟ್ಟಿತು. ಹೆಚ್ಚಿನ ಆಟಗಾರರು ಅದನ್ನು ಕೊಳ್ಳೋದೇ ಇಲ್ಲ, ಅವರಿಗೆ ಅದರಿಂದ ಏನೂ ಸಿಗುತ್ತಿಲ್ಲ ಅನ್ನೋದು ಕಂಪನಿಯ ಸಮಜಾಯಿಷಿ. ಆ ವರ್ಷದ ಬಹುಮಾನ ಬರೀ 31 ಲಕ್ಷ ಡಾಲರ್ ಆಸುಪಾಸು. ಅದೇ ಆಟ, ಅದೇ ಟೂರ್ನಮೆಂಟ್, ಗೆದ್ದವರೂ ಅದೇ ಟೀಮ್ ಸ್ಪಿರಿಟ್. ಎರಡೇ ವರ್ಷದಲ್ಲಿ ಬಹುಮಾನ ಹನ್ನೆರಡರಲ್ಲಿ ಒಂದು ಪಾಲಿಗೂ ಕೆಳಗೆ ಬಂದಿತ್ತು. ಆಟಗಾರರು ಮಾಡಿದ ತಪ್ಪೇನೂ ಇರಲಿಲ್ಲ. ಚೀಲದ ದಾರ ಹಿಡಿದವರು ಮನಸ್ಸು ಬದಲಾಯಿಸಿದರು, ಅಷ್ಟೇ.

ಇಷ್ಟಾದರೂ ಇಲ್ಲಿತನಕ ಎಲ್ಲ ಟೂರ್ನಮೆಂಟುಗಳ ಬಹುಮಾನ ಕೂಡಿಸಿದರೆ ಡೋಟಾ 2 ಮೇಲೇ ಇದೆ, ಒಟ್ಟು 35 ಕೋಟಿ ಡಾಲರ್ ದಾಟಿದೆ. ಫೋರ್ಟ್‌ನೈಟ್, ಕೌಂಟರ್ ಸ್ಟ್ರೈಕ್, ಲೀಗ್ ಆಫ್ ಲೆಜೆಂಡ್ಸ್ ಎಲ್ಲ ಅದರ ಹಿಂದೆ.

ಫೋರ್ಟ್‌ನೈಟ್ ಕಥೆ ಬೇರೆ. ಅಲ್ಲಿ ದುಡ್ಡು ಹಾಕಿದ್ದು ಆಟದ ಕಂಪನಿ ಎಪಿಕ್ ಗೇಮ್ಸ್. 2019ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ವಿಶ್ವಕಪ್ ಫೈನಲ್ಸ್, ಬಹುಮಾನ 3 ಕೋಟಿ ಡಾಲರ್. ಟೆನಿಸ್‌ನ ಯುಎಸ್ ಓಪನ್ ಫೈನಲ್ ನಡೆಯುವ ಆರ್ಥರ್ ಆ್ಯಶ್ ಸ್ಟೇಡಿಯಂನಲ್ಲೇ ಆಡಿಸಿದರು. ಒಬ್ಬೊಬ್ಬರೇ ಆಡುವ ವಿಭಾಗದಲ್ಲಿ ಗೆದ್ದವನು ಕೈಲ್ ಗಿಯರ್ಸ್‌ಡಾರ್ಫ್, ಆಟದಲ್ಲಿ ಬೂಘಾ ಅಂತ ಹೆಸರು. ಆಗ ಅವನಿಗೆ 16 ವರ್ಷ. ಸಿಕ್ಕಿದ್ದು 30 ಲಕ್ಷ ಡಾಲರ್. ಆ ಫೈನಲ್‌ಗೆ ಬಂದ ನೂರು ಜನರಲ್ಲಿ ಕೊನೆಯವನಿಗೂ 50 ಸಾವಿರ ಡಾಲರ್ ಇತ್ತು. ಮುಂದಿನ ವರ್ಷ ಕೋವಿಡ್ ಬಂತು, ವಿಶ್ವಕಪ್ ರದ್ದಾಯಿತು.

ಈಗಿನ ದೊಡ್ಡ ಚೀಲ ಸೌದಿ ಅರೇಬಿಯಾದ್ದು. 2024ರಲ್ಲೂ 2025ರಲ್ಲೂ ರಿಯಾದ್‌ನಲ್ಲಿ ಇ-ಸ್ಪೋರ್ಟ್ಸ್ (ಅಂದರೆ ವಿಡಿಯೋ ಗೇಮ್ ಪಂದ್ಯಾಟ) ವಿಶ್ವಕಪ್ ಅಂತ ನಡೆಸಿದರು. ಮೊದಲ ವರ್ಷ ಒಟ್ಟು ಬಹುಮಾನ 6 ಕೋಟಿ ಡಾಲರ್, 2025ರಲ್ಲಿ 7 ಕೋಟಿ. ಇದು ಒಂದೇ ಆಟದ ಬಹುಮಾನ ಅಲ್ಲ, ಇಪ್ಪತ್ತಕ್ಕೂ ಹೆಚ್ಚು ಆಟಗಳಿಗೆ ಹಂಚಿದ್ದು. ಹಾಗಾಗಿ 'ಒಂದೇ ಆಟದ ಒಂದೇ ಟೂರ್ನಮೆಂಟ್' ಅನ್ನುವ ಲೆಕ್ಕದಲ್ಲಿ ಬುಕಾರೆಸ್ಟ್ ದಾಖಲೆಯನ್ನು ಇದು ಮುರಿದ ಹಾಗಲ್ಲ. ಇಲ್ಲಿ ದುಡ್ಡಿನ ಮೂಲ ಅಲ್ಲಿನ ಸರ್ಕಾರದ ಹೂಡಿಕೆ ನಿಧಿ. ಎಣ್ಣೆ ದುಡ್ಡು ಅಂತ ನಾವು ನೀವು ಮಾತಾಡ್ತೀವಲ್ಲ, ಅದೇ.

ಸರಿ, ನಿಮ್ಮ ಮಗನ ಆಟಕ್ಕೆ ಬರೋಣ.

ಸಂಜೆ ರಾಂ ಅಂಡ್ ಕೋ ಸರ್ಕಲ್ ಕಡೆ ಹೋದರೆ ಗಾಡಿ ಸ್ಟ್ಯಾಂಡ್ ಹಾಕಿಕೊಂಡು, ಫೋನ್ ಅಡ್ಡ ಹಿಡಿದು ಕೂತ ನಾಲ್ಕು ಹುಡುಗರು ಕಂಡೇ ಕಾಣ್ತಾರೆ. 'ಲೇ, ಎಡಕ್ಕೆ ಮನೆ ಹಿಂದೆ ಒಬ್ನು ಅದಾನೆ, ನೇಡ್ ಹಾಕಲೇ!' 'ಪಿಂಗ್ ನೋಡಲೇ, ಇನ್ನೂರು ಐತಿ!' (ನೇಡ್ ಅಂದರೆ ಗ್ರೆನೇಡ್, ಪಿಂಗ್ ಅಂದರೆ ನೆಟ್ ಎಷ್ಟು ತಡ ಮಾಡ್ತಿದೆ ಅನ್ನೋ ಲೆಕ್ಕ.) ತಟ್ಟೆಯಲ್ಲಿ ಮಿರ್ಚಿ ಆರಿಹೋಗಿರುತ್ತೆ. ಆ ನಾಲ್ವರು ಆಡುತ್ತಿರೋದು ಬಿಜಿಎಂಐ. ಪಬ್ಜಿ ಮೊಬೈಲ್‌ನ ಭಾರತದ ರೂಪ, ಕೊರಿಯಾದ ಕ್ರಾಫ್ಟನ್ ಕಂಪನಿಯದ್ದು.

ಇದರ ದೇಶಮಟ್ಟದ ದೊಡ್ಡ ಟೂರ್ನಮೆಂಟ್ ಬಿಜಿಐಎಸ್. 2021ರ ಆವೃತ್ತಿಗೆ ಒಟ್ಟು 1 ಕೋಟಿ ರೂಪಾಯಿ ಬಹುಮಾನ, ಗೆದ್ದ ಸ್ಕೈಲೈಟ್ಸ್ ಗೇಮಿಂಗ್ ತಂಡಕ್ಕೆ 50 ಲಕ್ಷ. 2023ರಲ್ಲಿ ಒಟ್ಟು ಬಹುಮಾನ 2 ಕೋಟಿ ಆಯಿತು. ಪಬ್ಜಿ ಮೊಬೈಲ್‌ನ ಜಾಗತಿಕ ಚಾಂಪಿಯನ್‌ಶಿಪ್‌ಗೆ 2024ರಲ್ಲಿ 30 ಲಕ್ಷ ಡಾಲರ್ ಇತ್ತು. ಚಿಕ್ಕ ಮೊತ್ತ ಏನಲ್ಲ. ಮುನ್ನೂರು ಕೋಟಿಯೂ ಅಲ್ಲ.

50 ಲಕ್ಷ ಅಂದಾಗ ಹುಡುಗರ ಕಣ್ಣು ಅಗಲ ಆಗುತ್ತೆ. ಸ್ವಲ್ಪ ಬಿಡಿಸಿ ನೋಡೋಣ. ಆಟದಲ್ಲಿ ಗೆದ್ದ ಹಣ ಅಂತ ಶೇಕಡ 30 ತೆರಿಗೆ ಹೋದರೆ ಉಳಿಯೋದು 35 ಲಕ್ಷ. ಆಡುವವರು ನಾಲ್ವರು, ಜೊತೆಗೆ ಒಬ್ಬ ಬದಲಿ ಆಟಗಾರ. ಸಮ ಹಂಚಿದರೆ ತಲೆಗೆ 7 ಲಕ್ಷ. ತಂಡ ಯಾವುದಾದರೂ ಸಂಸ್ಥೆಯದ್ದಾಗಿದ್ದರೆ ಕರಾರಿನ ಪ್ರಕಾರ ಅವರದ್ದೂ ಒಂದು ಪಾಲು. ಇದು ಇಡೀ ದೇಶಕ್ಕೆ ಮೊದಲು ಬಂದವರ ಕಥೆ. ಹತ್ತನೆಯವರ ಕಥೆ ನೀವೇ ಊಹಿಸಿ. ಹೆಸರು ಮಾಡಿದ ಆಟಗಾರರ ಸಂಸಾರ ನಡೆಯೋದು ಬಹುಮಾನದಿಂದ ಕಡಿಮೆ, ತಂಡ ಕೊಡುವ ಸಂಬಳ, ಯೂಟ್ಯೂಬ್ ಲೈವ್, ಜಾಹೀರಾತು ಇವುಗಳಿಂದ ಜಾಸ್ತಿ.

ಇನ್ನೊಂದು ಅಪಾಯ ಇದೆ. ಬೇರೆ ಯಾವ ಆಟಕ್ಕೂ ಇದು ಇಷ್ಟು ಇಲ್ಲ. ಕಬಡ್ಡಿಗೆ ಮಾಲೀಕ ಅಂತ ಯಾರೂ ಇಲ್ಲ. ವಿಡಿಯೋ ಗೇಮ್‌ಗೆ ಇದ್ದಾನೆ. ಆ ಮಾಲೀಕನೋ ಸರ್ಕಾರವೋ ಒಂದು ತೀರ್ಮಾನ ಮಾಡಿದರೆ ಆಟವೇ ನಿಂತುಹೋಗಬಹುದು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಮಾಯ. ಮತ್ತೆ ಬಂದದ್ದು 2023ರ ಮೇ ಕೊನೆಗೆ. ಆ ಹತ್ತು ತಿಂಗಳು ದಿನಕ್ಕೆ ಎಂಟು ಗಂಟೆ ಅಭ್ಯಾಸ ಮಾಡುತ್ತಿದ್ದ ಹುಡುಗರು ಏನು ಮಾಡಬೇಕಿತ್ತು? ಕೆಲವರು ಬೇರೆ ಆಟಕ್ಕೆ ಹೋದರು, ಕೆಲವರು ಬಿಟ್ಟೇಬಿಟ್ಟರು. ಕೈಯಲ್ಲಿದ್ದ ಚಳಕ ಹಾಗೇ ಇತ್ತು, ಆಡೋಕೆ ಆಟವೇ ಇರಲಿಲ್ಲ.

ಸರ್ಕಾರದ ಮಾನ್ಯತೆ ಇಲ್ವಾ ಅಂತ ಕೇಳಬಹುದು. ಇದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರವು ಇ-ಸ್ಪೋರ್ಟ್ಸ್ ಅನ್ನು ಕ್ರೀಡೆಗಳ ಸಾಲಿಗೆ ಸೇರಿಸಿ ಕ್ರೀಡಾ ಇಲಾಖೆಗೆ ವಹಿಸಿತು. ಇದು ಸುಮ್ನೆ ಕಾಗದದ ಮಾತಲ್ಲ. ಆ ಮುನ್ನೂರು ಕೋಟಿಯ ಟೂರ್ನಮೆಂಟ್ ಮೊದಲು ನಡೆಯಬೇಕಿದ್ದದ್ದು ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ. ಅಲ್ಲಿನ ಕ್ರೀಡಾ ಒಕ್ಕೂಟ ಇದನ್ನು ಕ್ರೀಡೆ ಅಂತ ಒಪ್ಪಲಿಲ್ಲ. ಒಪ್ಪದಿದ್ದರೆ ಆಟಗಾರರಿಗೆ ವೀಸಾ ಕಷ್ಟ. ಹಾಗಾಗಿ ಇಡೀ ಟೂರ್ನಮೆಂಟೇ ರೊಮೇನಿಯಾಕ್ಕೆ ಹೋಯಿತು.

ಅಪ್ಪ ಅಮ್ಮಂದಿರು ತುಂಬಾ ಸಲ ಗೊಂದಲ ಮಾಡಿಕೊಳ್ಳೋದು ಇನ್ನೊಂದು ಕಡೆ. ದುಡ್ಡು ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಆ್ಯಪ್‌ಗಳೂ ಇದೂ ಒಂದೇ ಅಂದುಕೊಳ್ತಾರೆ. ಒಂದೇ ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಣದ ಆಟಗಳನ್ನು ನಿಷೇಧಿಸಿದೆ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಅನ್ನು ಅದೇ ಕಾಯ್ದೆ ಬೇರೆಯಾಗಿಟ್ಟು ಮಾನ್ಯ ಮಾಡಿದೆ.

ನಿಮ್ಮ ಮಗನ ಫೋನ್‌ನಲ್ಲಿ ನೋಡಬೇಕಾದ್ದು ಇವೆರಡರ ನಡುವೆ ಇರುವ ಮೂರನೇ ಸಂಗತಿ. ವಾಟ್ಸ್‌ಆ್ಯಪ್, ಟೆಲಿಗ್ರಾಮ್ ಗ್ರೂಪ್‌ಗಳಲ್ಲಿ 'ಸ್ಲಾಟ್ 50 ರೂಪಾಯಿ, ಪ್ರತಿ ಕಿಲ್‌ಗೆ 10 ರೂಪಾಯಿ' ಅಂತ ಪೋಸ್ಟರ್ ಬರುತ್ತೆ. ಅಂದರೆ ಆಡೋಕೆ ಜಾಗಕ್ಕೆ 50 ಕಟ್ಟಬೇಕು, ಆಟದಲ್ಲಿ ಒಬ್ಬ ಎದುರಾಳಿಯನ್ನು ಹೊಡೆದರೆ 10 ಸಿಗುತ್ತೆ. ಕ್ಯೂಆರ್ ಕೋಡ್‌ಗೆ ದುಡ್ಡು ಹಾಕಿದರೆ ರೂಮ್‌ನ ಐಡಿ, ಪಾಸ್‌ವರ್ಡ್ ಕಳಿಸ್ತಾರೆ. ಕೆಲವೊಮ್ಮೆ ಅದೂ ಬರೋದಿಲ್ಲ. ಮ್ಯಾಚ್ ಮುಗಿದು ಗೆದ್ದವನು ದುಡ್ಡು ಕೇಳುವ ಹೊತ್ತಿಗೆ ಗ್ರೂಪೇ ಇರೋದಿಲ್ಲ. ಐವತ್ತು ರೂಪಾಯಿಗೆ ಯಾರು ಠಾಣೆ ಹತ್ತುತ್ತಾರೆ? ಮುನ್ನೂರು ಕೋಟಿ ಮಾತಿಗಿಂತ ನಾನು ಹೆದರೋದು ಈ ಐವತ್ತು ರೂಪಾಯಿಗೆ. ಮುಖ ಗೊತ್ತಿಲ್ಲದವರಿಗೆ ದುಡ್ಡು ಕಟ್ಟಿ ಆಡಬೇಡ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ. ಕ್ರಾಫ್ಟನ್‌ನ ಅಧಿಕೃತ ಟೂರ್ನಮೆಂಟಿನ ನೋಂದಣಿ ಎಲ್ಲ ಊರಿನ ತಂಡಗಳಿಗೂ ತೆರೆದಿರುತ್ತೆ, ಆಡೋದಾದರೆ ಅಲ್ಲಿ ಆಡಲಿ.

ಬೈಯೋದನ್ನು ಒಂದು ದಿನ ನಿಲ್ಲಿಸಿ ಮಗನನ್ನು ಇಷ್ಟು ಕೇಳಿ ನೋಡಿ: 'ನಿನ್ನ ಸ್ಕ್ವಾಡ್‌ನಲ್ಲಿ ಯಾರಿದಾರೆ? ಐಜಿಎಲ್ ಯಾರು? ಯಾವ ಟೂರ್ನಮೆಂಟಿನಲ್ಲಿ ಎಲ್ಲಿತನಕ ಹೋಗಿದೀರಿ?' ಐಜಿಎಲ್ ಅಂದರೆ ಆಟದ ನಡುವೆ ತಂಡ ನಡೆಸುವವನು. ಉತ್ತರ ಪಟಪಟ ಬಂದರೆ ಹುಡುಗ ಇದನ್ನು ಆಟದ ಹಾಗೆ ಆಡುತ್ತಿದ್ದಾನೆ ಅಂತ ಅರ್ಥ. ಆಗಲೂ ಪರೀಕ್ಷೆ ಮುಗಿಯೋತನಕ ಗಂಟೆ ಲೆಕ್ಕ ಹಾಕೋದು ನಿಮ್ಮ ಹಕ್ಕು. ಉತ್ತರ ತಡವರಿಸಿದರೆ ಅದು ಬರೀ ಹೊತ್ತು ಕಳೆಯೋದು. ಅದಕ್ಕೆ ಮುನ್ನೂರು ಕೋಟಿಯ ಸಮರ್ಥನೆ ಯಾಕೆ?

ಅಂದಹಾಗೆ, 2025ರ ರಿಯಾದ್ ವಿಶ್ವಕಪ್‌ನಲ್ಲಿ ಚೆಸ್ ಕೂಡ ಇತ್ತು. ಕಂಪ್ಯೂಟರ್ ಮುಂದೆ ಕೂತು, ಮೌಸ್ ಹಿಡಿದು ಆಡಿದ ಚೆಸ್. ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದು 2.5 ಲಕ್ಷ ಡಾಲರ್ ತಗೊಂಡರು. ನಮ್ಮ ಅರ್ಜುನ್ ಎರಿಗೈಸಿ ನಾಲ್ಕನೆಯವರಾದರು.