70 ಸಾವಿರ ಸೈನಿಕರು ಹೊರಗೆ ಹೋದರೆ ಗಡಿಗೇನು ತೊಂದರೆ?

ಪ್ರಶ್ನೆ: ‘ನಮ್ಮ ಸೈನ್ಯದಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಜನ ಇದ್ದರು. ಶ್ರೀಲಂಕಾಕ್ಕೆ 70 ಸಾವಿರ ಜನ ಹೋದರೆ ಗಡಿ ಕಾಯೋದಕ್ಕೆ ಯಾಕೆ ಕಷ್ಟ ಆಗಬೇಕು?’

1987ರಲ್ಲಿ ಭಾರತ ಶ್ರೀಲಂಕಾಕ್ಕೆ ಕಳಿಸಿದ ಶಾಂತಿಪಡೆ ಐಪಿಕೆಎಫ್ ಬಗ್ಗೆ ಏನೇ ಬರೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಎರಡೆರಡು ಸಾಲಿನಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಹೇಳುತ್ತೇನೆ.

ಹತ್ತು ಲಕ್ಷದಲ್ಲಿ ಎಪ್ಪತ್ತು ಸಾವಿರ ಕಳೆಯುವ ಈ ಲೆಕ್ಕವೇ ತಪ್ಪು. ಊರಲ್ಲಿ ಸಾವಿರ ಜನ ಇರಬಹುದು, ಮದುವೆ ಅಡುಗೆಗೆ ನಿಲ್ಲುವ ಭಟ್ಟರು ಇಬ್ಬರೇ. ಅವರಿಬ್ಬರೂ ಪಕ್ಕದೂರಿಗೆ ಹೋದ ದಿನವೇ ನಮ್ಮೂರಲ್ಲಿ ಮದುವೆ ಇದ್ದರೆ? ಉಳಿದ 998 ಜನರನ್ನು ಎಣಿಸಿ ಏನು ಪ್ರಯೋಜನ? ಸೈನ್ಯದ ಆ ಹತ್ತು ಲಕ್ಷದಲ್ಲಿ ತರಬೇತಿ ಕೇಂದ್ರದವರು, ವರ್ಕ್‌ಶಾಪಿನವರು, ಆಸ್ಪತ್ರೆಯವರು, ರೇಷನ್ ಸಾಗಿಸುವವರು, ರಜೆಯಲ್ಲಿರುವವರು ಎಲ್ಲರೂ ಸೇರಿದ್ದಾರೆ. ಬಂದೂಕು ಹಿಡಿದು ನಡೆದು ಹೋಗುವ ಇನ್‌ಫೆಂಟ್ರಿ ಅದರಲ್ಲಿ ಒಂದು ಪಾಲು ಮಾತ್ರ. ಉತ್ತರ ಶ್ರೀಲಂಕಾದ ಜಾಫ್ನಾ ಊರಿನ ಗಲ್ಲಿಗಳಿಗೆ ಬೇಕಾದದ್ದು ಅವರೇ. ಕಾಶ್ಮೀರದ ಗಡಿ ಠಾಣೆಗೆ ಬೇಕಾದದ್ದೂ ಅವರೇ.

ಹೋದವರು ಯಾರು ಅಂತ ನೋಡಿ. 1987ರ ಜುಲೈ 29ರಂದು ಭಾರತ-ಶ್ರೀಲಂಕಾ ಒಪ್ಪಂದವಾಯಿತು. ಮೊದಲು ಹೋದದ್ದು ಸಿಕಂದರಾಬಾದಿನ 54ನೇ ಡಿವಿಷನ್ (ಡಿವಿಷನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ). ಅಕ್ಟೋಬರಿನಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಗೆರಿಲ್ಲಾ ಪಡೆ ಎಲ್‌ಟಿಟಿಇ ಜೊತೆ ಕದನ ಶುರುವಾದಾಗ ಅದೊಂದು ಸಾಲಲಿಲ್ಲ. 36ನೇ ಡಿವಿಷನ್ ಹೋಯಿತು, 57 ಹೋಯಿತು, 4 ಹೋಯಿತು. 57ನೆಯದು ಈಶಾನ್ಯದಿಂದ ಎತ್ತಿಕೊಂಡು ಹೋದ ಮೌಂಟನ್ ಡಿವಿಷನ್. ಉಳಿದವು ದೇಶದ ಒಳಭಾಗದಲ್ಲಿದ್ದವು ನಿಜ, ಆದರೆ ಅವು ಸುಮ್ನೆ ಕೂತಿದ್ದವಲ್ಲ. ಯುದ್ಧ ಬಂದಾಗ ಗಡಿಗೆ ಓಡಬೇಕಾದದ್ದು ಇಂಥ ಡಿವಿಷನ್‌ಗಳೇ.

ಇನ್ನೂ ಇದೆ. ಡಿವಿಷನ್ನಿನೊಳಗಿನ ಚಿಕ್ಕ ತುಕಡಿಯೇ ಬೆಟಾಲಿಯನ್. ಒಂದು ಬೆಟಾಲಿಯನ್ ಹೊರಗಿರುವಾಗ ಅದರ ಜಾಗಕ್ಕೆ ಹೋಗಲು ಇನ್ನೊಂದು ತಯಾರಾಗುತ್ತಿರುತ್ತದೆ. ಆಗಷ್ಟೇ ವಾಪಸ್ ಬಂದ ಮೂರನೆಯದಕ್ಕೆ ರಜೆ ಕೊಡಬೇಕು, ಸಾಮಾನು ರಿಪೇರಿಯಾಗಬೇಕು, ಗಾಯಗೊಂಡವರ ಜಾಗಕ್ಕೆ ಬಂದ ಹೊಸ ಹುಡುಗರನ್ನು ಪಳಗಿಸಬೇಕು. ಕಾಗದದಲ್ಲಿ ಹೊರಗಿರುವುದು ಒಂದು, ಕೈಗೆ ಸಿಗದೆ ಇರುವುದು ಮೂರು. ಕಾಡಿನಲ್ಲಿ ಗೆರಿಲ್ಲಾಗಳನ್ನು ಹುಡುಕಿ ರೂಢಿಯಾದವರು ಟ್ಯಾಂಕುಗಳ ಜೊತೆ ಮರುಭೂಮಿಯಲ್ಲಿ ಹೋರಾಡುವುದನ್ನು ಮತ್ತೆ ಅಭ್ಯಾಸ ಮಾಡಬೇಕು. ಈ ನಡುವೆ ಪಂಜಾಬ್ ಹೊತ್ತಿ ಉರಿಯುತ್ತಿತ್ತು, 1989ರಲ್ಲಿ ಕಾಶ್ಮೀರವೂ ಹೊತ್ತಿಕೊಂಡಿತು. ಕೊನೆಯ ತುಕಡಿ ಶ್ರೀಲಂಕಾ ಬಿಟ್ಟದ್ದು 1990ರ ಮಾರ್ಚ್‌ನಲ್ಲಿ. ಸುಮಾರು 1,200 ಯೋಧರು ಜೀವಂತವಾಗಿ ಮರಳಲಿಲ್ಲ.

ಯಾರೂ ಕೇಳದಿದ್ದರೂ ವಿಶ್ವಸಂಸ್ಥೆಯ ಶಾಂತಿಪಡೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1965ರಲ್ಲಿ ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ಅಲ್ಲಿನ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ. ಆ ಹೆಮ್ಮೆ ನನಗೂ ಇದೆ. ಅಂಥ ಕೆಲಸಕ್ಕೆ ಹೋಗುವವರು ಕೆಲವೇ ಸಾವಿರ, ಹಾಗಾಗಿ ಹೊರೆ ಕಡಿಮೆ. ಆದರೂ ಕಾಂಗೋ ಮರೆಯಬೇಡಿ. 1961ರಲ್ಲಿ ಅಲ್ಲಿಗೆ ಒಂದು ಬ್ರಿಗೇಡ್ (ಕೆಲವು ಬೆಟಾಲಿಯನ್‌ಗಳ ಪಡೆ) ಮತ್ತು ಆರು ಕ್ಯಾನ್‌ಬೆರಾ ಬಾಂಬರ್ ಕಳಿಸಿದ್ದೆವು. ಮರುವರ್ಷ ಅಕ್ಟೋಬರಿನಲ್ಲಿ ಚೀನಾ ಮೇಲೆ ಬಿತ್ತು. ವಿಮಾನಗಳನ್ನು ವಾಪಸ್ ಕರೆಸಿದರು. ಬ್ರಿಗೇಡ್ ಅಲ್ಲೇ ಉಳಿಯಿತು. ಇಂದಿನ ಅರುಣಾಚಲದ ಸೇಲಾ, ಬೊಮ್ಡಿಲಾ ನಮ್ಮ ಕೈತಪ್ಪಿದ ನವೆಂಬರಿನಲ್ಲಿ ಆ ಸೈನಿಕರು ಆಫ್ರಿಕಾದಲ್ಲಿದ್ದರು.