ನೆಲಕ್ಕೆ ಬಿದ್ದ ಚಿಮಟ, ನೀರಿಲ್ಲದ ನಲ್ಲಿ

1898ರಲ್ಲಿ ಪ್ಲೇಗ್ ಹುಬ್ಬಳ್ಳಿಯನ್ನು ಹಿಂಡುತ್ತಿದ್ದಾಗ, ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಇಲ್ಲಿನ ಸಾವಿರಾರು ಜನ ಚುಚ್ಚಿಸಿಕೊಂಡರು. ನಾಲ್ಕು ವರ್ಷಗಳ ನಂತರ, 1902ರ ಅಕ್ಟೋಬರ್ 30ರಂದು, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿ ಅದೇ ಲಸಿಕೆ ಹಾಕಿಸಿಕೊಂಡರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ತಪ್ಪು ಲಸಿಕೆ ತಯಾರಿಸಿದ ಪ್ರಯೋಗಾಲಯದ್ದೇ ಎಂಬ ಆರೋಪ ಹೊತ್ತು ಹಾಫ್ಕಿನ್ ಹುದ್ದೆ ಕಳೆದುಕೊಂಡರು. ಅವರ ಮೇಲಿನ ಆರೋಪ ಕಳಚಿದ್ದು 1907ರಲ್ಲಿ. ಬಿರಡೆ ತೆಗೆಯುವ ಚಿಮಟ ಅಂದು ಹಳ್ಳಿಯ ನೆಲಕ್ಕೆ ಬಿದ್ದಿತ್ತು, ಸಹಾಯಕ ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಿದ್ದ ಎಂಬುದು ವಿಚಾರಣೆಯ ದಾಖಲೆಯಲ್ಲೇ ಇತ್ತು.

ನಮ್ಮ ಗದಗ, ಹಾವೇರಿಯ ಹಳ್ಳಿಗಳಲ್ಲಿ ಸೋಂಕು ನಿಯಂತ್ರಣದ ಮಾತು ಬಂದಾಗಲೆಲ್ಲ ನನಗೆ ಆ ಚಿಮಟ ನೆನಪಾಗುತ್ತದೆ. ಆರೋಗ್ಯ ಸೇವೆಯ ಕೊನೆಯ ತುದಿಯಲ್ಲಿ ಒಬ್ಬಳೇ ನಿಂತು ಕೆಲಸ ಮಾಡುವ ಸಿಸ್ಟರ್ ಕೈಯಲ್ಲಿ ಇಂದಿಗೂ ಅಂಥದೇ ಒಂದು ಚಿಮಟವಿರುತ್ತದೆ.

ನನ್ನ ಬಾಲ್ಯದಲ್ಲಿ ನಮ್ಮೂರಿನ ಉಪಕೇಂದ್ರದಲ್ಲಿ ಗಾಜಿನ ಸಿರಿಂಜುಗಳು ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಯುತ್ತಿದ್ದವು. ಇಪ್ಪತ್ತು ನಿಮಿಷ ಕುದಿಯಬೇಕೆಂದು ಸಿಸ್ಟರ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಸೀಮೆಎಣ್ಣೆ ತೀರಿದ ದಿನ ಆ ಇಪ್ಪತ್ತು ಹತ್ತಾಗುತ್ತಿತ್ತು. ಒಮ್ಮೆ ಬಳಸಿದರೆ ಲಾಕ್ ಆಗುವ ಸಿರಿಂಜು ಲಸಿಕಾ ಕಾರ್ಯಕ್ರಮಕ್ಕೆ ಬಂದ ಮೇಲೆ ಆ ಸಂಕಟ ತಪ್ಪಿತು. ಸಿಸ್ಟರ್ ಎಷ್ಟೇ ದಣಿದಿರಲಿ, ಅದು ಎರಡನೆಯ ಸಲ ಔಷಧ ಎಳೆದುಕೊಳ್ಳುವುದಿಲ್ಲ. ಬಳಸಿದ ಸಿರಿಂಜಿನ ಅಪಾಯ ಎಷ್ಟೆಂಬುದನ್ನು 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತಾಗ ದೇಶ ಕಂಡಿತು.

ನಿಯಮಗಳಿಗೆ ಬರವಿಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ 1998ರಲ್ಲಿ ಬಂತು, 2016ರಲ್ಲಿ ಹೊಸದಾಯಿತು. ರಕ್ತ ಹತ್ತಿದ ಹತ್ತಿಗೆ ಹಳದಿ ಚೀಲ, ಪ್ಲಾಸ್ಟಿಕ್ ನಳಿಕೆಗೆ ಕೆಂಪು, ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ. ಇದನ್ನು ನಿದ್ದೆಯಲ್ಲಿ ಕೇಳಿದರೂ ನಮ್ಮ ಶುಶ್ರೂಷಾಧಿಕಾರಿಗಳು ಹೇಳುತ್ತಾರೆ. 2015ರ ಕಾಯಕಲ್ಪ ಯೋಜನೆ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕವನ್ನೂ ಬಹುಮಾನವನ್ನೂ ತಂದಿತು.

ಕೈ ತೊಳೆಯುವ ವಿಷಯಕ್ಕೆ ಬಂದರೆ ಲೆಕ್ಕ ಕಠಿಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದಂತೆ ಸೋಪು–ನೀರಿನಲ್ಲಿ ತೊಳೆಯುವುದಕ್ಕೆ 40ರಿಂದ 60 ಸೆಕೆಂಡು ಬೇಕು. ರೋಗಿಯನ್ನು ಮುಟ್ಟುವ ಮೊದಲೂ ತೊಳೆಯಬೇಕು, ಮುಟ್ಟಿದ ಮೇಲೂ ತೊಳೆಯಬೇಕು. ಒಂದು ದಿನಕ್ಕೆ 60 ರೋಗಿಗಳೆಂದು ಹಿಡಿಯಿರಿ. ಎರಡೆರಡು ಸಲ, ನಲವತ್ತು ಸೆಕೆಂಡಿನಂತೆ, ಬರೀ ಕೈ ತೊಳೆಯಲು 80 ನಿಮಿಷ. ಸಲಕ್ಕೆ ಅರ್ಧ ಲೀಟರ್ ಎಂದರೂ 60 ಲೀಟರ್ ನೀರು. ಗದಗ-ಬೆಟಗೇರಿಯಲ್ಲಿ ವಾರಗಟ್ಟಲೆ ನಲ್ಲಿ ಬಾರದ ಬೇಸಿಗೆಗಳನ್ನು ಕಂಡವರಿಗೆ ಈ 60 ಲೀಟರಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆಲ್ಕೋಹಾಲ್ ದ್ರಾವಣವಿದ್ದರೆ 20–30 ಸೆಕೆಂಡು ಸಾಕು, ನೀರೂ ಬೇಡ. ಆದರೆ ರಕ್ತವೋ ಕೊಳೆಯೋ ಕಣ್ಣಿಗೆ ಕಾಣುವಂತೆ ಅಂಟಿದ ಕೈಗೆ ಅದು ನಾಟುವುದಿಲ್ಲ. ಹೆರಿಗೆ ಮಾಡಿಸಿದ ಕೈಗೆ ನೀರೇ ಬೇಕು.

ಆದ್ದರಿಂದಲೇ ‘ಸಿಸ್ಟರ್‌ಗಳಿಗೆ ಅರಿವಿಲ್ಲ, ಇನ್ನೊಂದು ತರಬೇತಿ ಕೊಡಿ’ ಎಂಬ ಮಾತು ನನಗೆ ಅನ್ಯಾಯವೆನಿಸುತ್ತದೆ. ತಿಳಿವಳಿಕೆಯಲ್ಲೂ ತೂತುಗಳಿವೆ, ನಿಜ. ಕೈಗವಸು ಹಾಕಿದರೆ ಕೈ ತೊಳೆಯಬೇಕಿಲ್ಲ ಎಂಬ ನಂಬಿಕೆ ಕೋವಿಡ್ ಕಾಲದಲ್ಲಿ ಬೆಳೆಯಿತು; ಒಂದೇ ಜೊತೆ ಗವಸಿನಲ್ಲಿ ಹಲವರನ್ನು ಮುಟ್ಟಿದರೆ ಸೋಂಕನ್ನು ಹಂಚಿದಂತೆಯೇ. ಬಳಸಿದ ಸೂಜಿಗೆ ಎರಡೂ ಕೈಯಿಂದ ಮುಚ್ಚಳ ಹಾಕುವ ಹಳೆಯ ರೂಢಿಯೂ ಪೂರ್ತಿ ಹೋಗಿಲ್ಲ, ಅದು ಮೊದಲು ಚುಚ್ಚುವುದು ಸಿಸ್ಟರ್‌ನ ಬೆರಳನ್ನೇ. ಇವನ್ನು ತರಬೇತಿಯಲ್ಲಿ ತಿದ್ದಬಹುದು. ಬತ್ತಿದ ಟ್ಯಾಂಕನ್ನು ತರಬೇತಿ ತುಂಬಿಸುವುದಿಲ್ಲ.

ಸಣ್ಣ ಪರಿಹಾರಗಳಿವೆ. ಕೆಳಗೆ ನಲ್ಲಿ ಕೂರಿಸಿದ ಮುಚ್ಚಳದ ಬಕೆಟ್ ಒಂದಿದ್ದರೆ, ಚೊಂಬು ಹಿಡಿದು ನೀರು ಹಾಕಲು ಆಯಾಳಿಗೆ ಕಾಯಬೇಕಿಲ್ಲ. ಮೊಣಕೈಯಿಂದ ತಿರುಗಿಸುವ ನಲ್ಲಿ, ಪಕ್ಕದಲ್ಲೇ ಸೋಪು, ಪ್ರತಿ ಮೇಜಿನ ಮೇಲೆ ಕೈದ್ರಾವಣದ ಬಾಟಲಿ, ಸಿಸ್ಟರ್‌ಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು. ತಪಾಸಣೆಗೆ ಬರುವ ತಾಲ್ಲೂಕು ಆರೋಗ್ಯಾಧಿಕಾರಿಗಳು ಮೊದಲು ಹೆರಿಗೆ ಕೊಠಡಿಯ ನಲ್ಲಿಯನ್ನು ತಿರುಗಿಸಿ ನೋಡಲಿ. ನೀರು ಬಂದರೆ, ಆಮೇಲೆ ಸಿಸ್ಟರ್‌ಗೆ ಪ್ರಶ್ನೆ ಕೇಳಲಿ.