ಪದ ಪರಿಚಯ: ಪ್ರಸವೋತ್ತರ ತಪಾಸಣೆ

ಪ್ರಸವ ಎಂದರೆ ಹೆರಿಗೆ. ಅದಕ್ಕೆ ಸೇರಿದ ‘ಉತ್ತರ’ಕ್ಕೆ ಇಲ್ಲಿ ‘ಆನಂತರ’ ಎಂಬ ಅರ್ಥ. ಎರಡೂ ಗುಣಸಂಧಿಯಲ್ಲಿ ಕೂಡಿ ಪ್ರಸವೋತ್ತರ. ಹೆರಿಗೆಯಾದ ಮೇಲೆ ತಾಯಿಯ ಮೈ, ಮನಸ್ಸು ಎರಡನ್ನೂ ಗೊತ್ತುಮಾಡಿದ ದಿನಗಳಲ್ಲಿ ಪರೀಕ್ಷಿಸುವುದೇ ಪ್ರಸವೋತ್ತರ ತಪಾಸಣೆ. ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ‘ನೀವು ಚೆನ್ನಾಗಿದ್ದೀರಾ?’ ಎಂದು ಒಂದು ಮಾತು ಕೇಳಿ ಕಳಿಸಿದರೆ ಅದು ತಪಾಸಣೆ ಆಗಲಿಲ್ಲ.

ಈ ಪದ ಕೇಳಿದೊಡನೆ ಆರನೇ ವಾರದ ಭೇಟಿ ನೆನಪಾಗುತ್ತದೆ. ನಿಜವಾಗಿ ಅದು ಸರಣಿಯ ಕೊನೆಯದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸಿನಂತೆ, ತೊಡಕಿಲ್ಲದ ಸಹಜ ಹೆರಿಗೆಯಾದರೂ ತಾಯಿ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು. ಆಮೇಲೆ, ಹೆರಿಗೆಯಾದ ಹೊತ್ತಿನಿಂದ ಲೆಕ್ಕ ಹಾಕಿ, 48ರಿಂದ 72 ಗಂಟೆಯೊಳಗೆ ಒಮ್ಮೆ, 7ರಿಂದ 14ನೇ ದಿನದೊಳಗೆ ಒಮ್ಮೆ, ಆರನೇ ವಾರದಲ್ಲಿ ಒಮ್ಮೆ ತಪಾಸಣೆ. ಇಷ್ಟು ಕನಿಷ್ಠ. ಅಪಾಯ ಹೆಚ್ಚಿರುವುದು ಮೊದಲ ದಿನಗಳಲ್ಲೇ ಆದ್ದರಿಂದ ಆರನೇ ವಾರಕ್ಕೆಂದು ಕಾಯುತ್ತಾ ಕೂತರೆ ತಡವಾಗಿಬಿಡುತ್ತದೆ.

ಮೊದಲ ದಿನದ ಚಿಂತೆ ರಕ್ತಸ್ರಾವ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿದುಕೊಂಡು, ಮಾಸು ಅಂಟಿದ್ದ ಜಾಗದ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ನರ್ಸ್ ಹೊಕ್ಕುಳ ಹತ್ತಿರ ಅಂಗೈ ಅಂಚಿನಿಂದ ಒತ್ತಿ ನೋಡುವುದು ಇದನ್ನೇ. ಗಟ್ಟಿ ಚೆಂಡಿನಂತೆ ಕೈಗೆ ಸಿಕ್ಕರೆ ಸರಿ. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ನಾಳಗಳು ಇನ್ನೂ ತೆರೆದಿವೆ ಎಂದರ್ಥ. ತುಂಬಿದ ಮೂತ್ರಕೋಶ ಕೂಡ ಗರ್ಭಕೋಶವನ್ನು ಬಿಗಿಯಲು ಬಿಡುವುದಿಲ್ಲ. ಆರು ಗಂಟೆಯೊಳಗೆ ಮೂತ್ರ ಹೋಯಿತೇ ಎಂದು ಕೇಳುವುದು ಅದಕ್ಕೇ. ಸಂಕೋಚಕ್ಕೆ ‘ಹೂಂ’ ಅಂದುಬಿಡಬೇಡಿ. ಮುಂದೆ ಗರ್ಭಕೋಶ ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಕೆಳಗಿಳಿದು, ಎರಡು ವಾರದ ಹೊತ್ತಿಗೆ ಹೊಟ್ಟೆಯ ಮೇಲಿಂದ ಸಿಗದಂತಾಗುತ್ತದೆ. ಸ್ರಾವವೂ ಕೆಂಪಿನಿಂದ ಕಂದುಗುಲಾಬಿಗೆ, ಆಮೇಲೆ ಹಳದಿ ಬಿಳುಪಿಗೆ ತಿರುಗುತ್ತದೆ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಕೋಳಿಮೊಟ್ಟೆ ಗಾತ್ರದ ರಕ್ತದ ಗೆಡ್ಡೆ ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕೆಟ್ಟ ವಾಸನೆಯ ಸ್ರಾವ, 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ ಸೋಂಕಿನ ಲಕ್ಷಣ. ಮಾಸಿನ ಚೂರು ಒಳಗೇ ಉಳಿದಿರಲೂಬಹುದು.

48ರಿಂದ 72 ಗಂಟೆಯೊಳಗಿನ ತಪಾಸಣೆಯನ್ನು ತಪ್ಪಿಸಲೇಬಾರದು ಎನ್ನಲು ಕಾರಣ ರಕ್ತದೊತ್ತಡ. ಗರ್ಭಿಣಿಯಾಗಿದ್ದಾಗ ಮೈಯಲ್ಲಿ ತುಂಬಿಕೊಂಡ ನೀರು ಹೆರಿಗೆಯ ನಂತರ ರಕ್ತನಾಳಗಳಿಗೆ ಮರಳುವುದರಿಂದ, ಮೂರರಿಂದ ಆರನೇ ದಿನದ ನಡುವೆ ಬಿಪಿ ಅತಿ ಹೆಚ್ಚಿನ ಮಟ್ಟ ಮುಟ್ಟುತ್ತದೆ. ಅಷ್ಟರಲ್ಲಿ ಬಹುತೇಕರು ಮನೆ ಸೇರಿರುತ್ತಾರೆ. ಒಂಬತ್ತು ತಿಂಗಳೂ ಬಿಪಿ ಸರಿಯಿದ್ದವರಿಗೂ ಈಗ ಏರಬಹುದು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಬೇಕು. 160/110 ತುರ್ತುಸ್ಥಿತಿ, ಫಿಟ್ಸ್, ಪಾರ್ಶ್ವವಾಯು ಆಗುವ ಅಪಾಯವಿದೆ. ಮೇಲಿನ, ಕೆಳಗಿನ ಅಂಕಿಗಳಲ್ಲಿ ಯಾವುದೊಂದು ಈ ಮಟ್ಟ ಮುಟ್ಟಿದರೂ ಸಾಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಇದರ ಗುರುತುಗಳು. ‘ನಿದ್ದೆಗೆಟ್ಟಿದ್ದಾಳೆ, ಅದಕ್ಕೇ ತಲೆನೋವು’ ಎಂದು ಮನೆಯವರು ಸುಮ್ಮನಾಗುವುದೇ ಇಲ್ಲಿ ದೊಡ್ಡ ತಪ್ಪು. ಮನೆಯಲ್ಲಿ ಅಳೆಯುವುದಾದರೆ ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಿರಿ. ಹಾಲೂಡಿಸುತ್ತಾ ಅಳೆಯಬೇಡಿ.

ಎರಡನೇ ವಾರದಲ್ಲಿ ಹೊಲಿಗೆ, ಮೊಲೆಯ ಗಂಟು ಅಥವಾ ಬಾವು, ಕಾಲು ನೋಡುತ್ತಾರೆ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಶಂಕೆ, ತಿಕ್ಕಿಸಬೇಡಿ, ತೋರಿಸಿ. ಮನಸ್ಸಿನ ವಿಚಾರಕ್ಕೆ ಬಂದರೆ, ಮೊದಲ ದಿನಗಳ ಅಳು, ಸಿಡಿಮಿಡಿ ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತವೆ. ಇಳಿಯದಿದ್ದರೆ ಖಿನ್ನತೆ ಇರಬಹುದು. ಅದನ್ನು ಪತ್ತೆಮಾಡಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರ್ಗ್ ಪ್ರಶ್ನಾವಳಿಯಲ್ಲಿ ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆಗಳಿವೆ, ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ವೈದ್ಯರು ಮುಂದಿನ ಪರೀಕ್ಷೆ ಮಾಡುತ್ತಾರೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ ‘ಎಂದೂ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದರೆ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಆಕೆಯೊಡನೆ ಕೂತು ಮಾತನಾಡಬೇಕು.

ಆರನೇ ವಾರಕ್ಕೆ ಹಿಮೋಗ್ಲೋಬಿನ್, ಬಿಪಿ, ಕೆಮ್ಮಿದಾಗ ಮೂತ್ರ ಸೋರುತ್ತದೆಯೇ ಎಂಬ ವಿಚಾರಣೆ, ಗರ್ಭನಿರೋಧಕದ ಮಾತು. ಹಾಲೂಡಿಸದವರಿಗೆ ಮುಟ್ಟು ಮರಳುವ ಮೊದಲೇ, ನಾಲ್ಕನೇ ವಾರದಷ್ಟು ಬೇಗ ಅಂಡ ಬಿಡುಗಡೆಯಾಗಬಹುದಾದ್ದರಿಂದ ಈ ಮಾತನ್ನು ಇನ್ನೂ ಮುಂಚೆ ಆಡಿದರೆ ಒಳ್ಳೆಯದು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದವರು 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ರಕ್ತ ಕೊಡುವ ಪರೀಕ್ಷೆಯನ್ನು 12 ವಾರದೊಳಗೆ ಮಾಡಿಸಬೇಕು. ಫಲಿತಾಂಶ ಸರಿಯಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ನೋಡಿಸುತ್ತಿರಬೇಕು. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ಇದು ಮುಂದುವರಿಯುತ್ತದೆ.